ಸಹಿ ಹಾಕುವ ಕೈಗೆ ಸೈಟಿನ ಧೂಳು ಹತ್ತಿರಬೇಕು

ವಿಜಯಪುರದಿಂದ ಒಬ್ಬ ಯುವ ಸಿವಿಲ್ ಎಂಜಿನಿಯರ್ ನಮ್ಮ ಪತ್ರಿಕೆಗೆ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂತ ಕೇಳಿಕೊಂಡಿದ್ದಾರೆ, ಹಾಕುವುದಿಲ್ಲ. ಪತ್ರ ಉದ್ದವಿದೆ. ಮುಖ್ಯ ಭಾಗ ಇಷ್ಟು:

“ನಾನು ಲೈಸೆನ್ಸ್ ಪಡೆದ ಎಂಜಿನಿಯರ್. ಕೆಳಗೊಂದು, ಮೇಲೊಂದು ಅಂತಸ್ತಿರುವ ಹಳೆಯ ಮನೆ. ಅದರ ಮೇಲೆ ಇನ್ನೊಂದು ಅಂತಸ್ತು ಏರಿಸಿ ಮಂಗಲ ಕಾರ್ಯಾಲಯ ಮಾಡುವುದು ಮಾಲಕರ ಯೋಚನೆ. ಕಟ್ಟಡ ಗಟ್ಟಿ ಇದೆ ಅಂತ ನಾನು ಸ್ಟೆಬಿಲಿಟಿ ಸರ್ಟಿಫಿಕೇಟ್ ಕೊಡಬೇಕಂತೆ. ಹಳೆಯ ಡ್ರಾಯಿಂಗ್ ಇಲ್ಲ. ಫೂಟಿಂಗ್ (ಕಾಲಮ್ಮಿನ ಬುಡದ ಪಾಯ) ಎಷ್ಟು ಆಳ, ಕಾಲಮ್ಮಿನೊಳಗೆ ಎಷ್ಟು ಸರಳು, ಯಾರಿಗೂ ಗೊತ್ತಿಲ್ಲ. ‘ನೀವ್ ಬರೇ ಸಹಿ ಹಾಕ್ರಿ, ಕಟ್ಟಾಂವ ಗೌಂಡಿ ಅದಾನ’ ಅಂತಾರೆ. ನಾನು ಒಲ್ಲೆ ಅಂದರೆ ಸಂಜೆಯೊಳಗೆ ಬೇರೆಯವರು ಹಾಕಿಕೊಡುತ್ತಾರೆ. ಹಾಗಿದ್ದ ಮೇಲೆ ನನ್ನ ನೀತಿಯಿಂದ ಯಾರಿಗೆ ಏನು ಲಾಭ? ನಾಳೆ ಬಿದ್ದರೆ ಮಾಲಕರು, ಗೌಂಡಿ, ಪಾಲಿಕೆ ಎಲ್ಲರನ್ನೂ ಬಿಟ್ಟು ಎಂಜಿನಿಯರನ್ನೇ ಯಾಕೆ ಹಿಡಿಯುತ್ತಾರೆ? ಗೋಲಗುಮ್ಮಟಕ್ಕೆ ಯಾರು ಸರ್ಟಿಫಿಕೇಟ್ ಕೊಟ್ಟಿದ್ದರು ಸರ್?”

ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಅದನ್ನು ಓದಿ ನಕ್ಕೆ. ವಿಜಯಪುರದ ಸುಲ್ತಾನ ಮಹಮ್ಮದ್ ಆದಿಲ್ ಶಾ ತೀರಿಕೊಂಡದ್ದು 1656ರಲ್ಲಿ. ಅವನ ಗೋರಿಯ ಮೇಲಿನ ಆ ಗುಮ್ಮಟ ಒಳಗಿನಿಂದ ಸುಮಾರು 38 ಮೀಟರ್ ಅಗಲ, ನಡುವೆ ಒಂದು ಕಂಬವೂ ಇಲ್ಲ. ಸರ್ಟಿಫಿಕೇಟ್ ಇಲ್ಲದೆಯೇ ನಿಂತಿದೆ, ನಿಜ. ಆದರೆ ಅದರ ಗೋಡೆ ಸುಮಾರು ಮೂರು ಮೀಟರ್ ದಪ್ಪ ಇದೆ. ನಿಮ್ಮ ಮಾಲಕರು ಮೂರು ಮೀಟರ್ ದಪ್ಪದ ಗೋಡೆ ಕಟ್ಟಿಸಲು ತಯಾರಿದ್ದರೆ ತಿಳಿಸಿ, ಸರ್ಟಿಫಿಕೇಟ್ ಬೇಡ ಅಂತ ನಾನೇ ಪಾಲಿಕೆಗೆ ಅರ್ಜಿ ಬರೆಯುತ್ತೇನೆ. ಇನ್ನೊಂದು ಮಾತು. ಆ ಕಾಲದಲ್ಲಿ ಕಟ್ಟಿದ್ದರಲ್ಲಿ ಗಟ್ಟಿಯಾದವು ಉಳಿದವು, ಅವನ್ನೇ ನಾವು ಟಿಕೆಟ್ ಕೊಟ್ಟು ನೋಡುತ್ತೇವೆ. ಬಿದ್ದುಹೋದವುಗಳ ಲೆಕ್ಕ ಗೈಡ್ ಹೇಳುವುದಿಲ್ಲ.

ನಿಮ್ಮ ಕಷ್ಟ ನನಗೆ ಅರ್ಥವಾಗುವುದಿಲ್ಲ ಅಂತಲ್ಲ. ಸಣ್ಣ ಆಫೀಸು, ಬಾಡಿಗೆ, ಊರಿನಲ್ಲಿ ಮುಖ ಪರಿಚಯದ ಮೇಲೆ ಸಿಗುವ ಕೆಲಸ. ಒಬ್ಬ ದೊಡ್ಡ ಮಾಲಕರನ್ನು ಎದುರು ಹಾಕಿಕೊಂಡರೆ ನಾಲ್ಕು ಸೈಟು ಕೈ ತಪ್ಪುತ್ತವೆ. ಸಣ್ಣವರು ಮೊದಲು ಸಿಕ್ಕಿಬೀಳುತ್ತಾರೆ ಎಂಬ ನಿಮ್ಮ ದೂರಿನಲ್ಲೂ ಹುರುಳಿದೆ. ಗುಜರಾತಿನ ಮೊರ್ಬಿಯಲ್ಲಿ 2022ರ ಅಕ್ಟೋಬರ್ 30ರಂದು ತೂಗುಸೇತುವೆ ಹರಿದು 135 ಜನ ಸತ್ತರು. ಪೊಲೀಸರು ಮೊದಲು ಹಿಡಿದವರಲ್ಲಿ ಟಿಕೆಟ್ ಹರಿದು ಕೊಡುತ್ತಿದ್ದವರೂ ಇದ್ದರು. ಇಷ್ಟು ಒಪ್ಪಿಕೊಂಡೆ. ಇನ್ನು ಜಗಳಕ್ಕೆ ಬರೋಣ.

ಕಟ್ಟುವವನು ಗೌಂಡಿ ಅಂತ ಮಾಲಕರು ಹೇಳಿದರಲ್ಲ, ಸರಿ. ಆದರೆ ಗೌಂಡಿಗೆ ಭಾರದ ಲೆಕ್ಕ ಯಾರು ಹೇಳಬೇಕು? ನಮ್ಮ ದೇಶದ ಮಾನಕ, ಐಎಸ್ 875, ಮನೆಯ ಕೋಣೆಗೆ ಚದರ ಮೀಟರಿಗೆ 2 ಕಿಲೋನ್ಯೂಟನ್ ಓಡಾಟದ ಭಾರ ಹಿಡಿಯಿರಿ ಅನ್ನುತ್ತದೆ. ಸುಮಾರು 200 ಕೆಜಿ. ಕುರ್ಚಿ ಅತ್ತಿತ್ತ ಸರಿಸಬಹುದಾದ ಸಭಾಂಗಣಕ್ಕೆ ಹಿಡಿಯಬೇಕಾದ್ದು 5 ಕಿಲೋನ್ಯೂಟನ್, ಅಂದರೆ ಸುಮಾರು 500 ಕೆಜಿ. ಮದುವೆ ಅಂದ ಮೇಲೆ ಗೊತ್ತಲ್ಲ, ಅಕ್ಷತೆ ಹೊತ್ತಿಗೆ ಎಲ್ಲರೂ ಎದ್ದು ಮಂಟಪದ ಕಡೆಗೇ ಒತ್ತುತ್ತಾರೆ. ಮಲಗುವ ಕೋಣೆಯ ಲೆಕ್ಕಕ್ಕೆ ಎರಕ ಹೊಯ್ದ ಮನೆಯ ಮೇಲೆ ನೀವು ಬರೇ ಒಂದು ಅಂತಸ್ತು ಏರಿಸುತ್ತಿಲ್ಲ. ಎರಡೂವರೆ ಪಟ್ಟು ಓಡಾಟದ ಭಾರ ಹೊರುವ ಅಂತಸ್ತು ಏರಿಸುತ್ತಿದ್ದೀರಿ. ಅದರ ಕೆಳಗಿನ ಕಾಲಮ್ಮಿನಲ್ಲಿ ಎಷ್ಟು ಸರಳಿದೆ ಅಂತ ಯಾರಿಗೂ ಗೊತ್ತಿಲ್ಲ ಅಂತ ನೀವೇ ಬರೆದಿದ್ದೀರಿ. ಹಾಗಾದರೆ ಸರ್ಟಿಫಿಕೇಟಿನಲ್ಲಿ ಏನಂತ ಬರೆಯುತ್ತೀರಿ?

ಕಾನೂನು ನಿಮ್ಮನ್ನು ಯಾಕೆ ಹಿಡಿಯುತ್ತದೆ ಅಂದರೆ, ಆ ಇಡೀ ವ್ಯವಹಾರದಲ್ಲಿ ‘ನಾನು ನೋಡಿದ್ದೇನೆ, ಇದು ಗಟ್ಟಿ ಇದೆ’ ಅಂತ ಕಾಗದದ ಮೇಲೆ ಹೇಳಿದವರು ನೀವೊಬ್ಬರೇ. ಭಾರತೀಯ ನ್ಯಾಯ ಸಂಹಿತೆ 2024ರ ಜುಲೈ 1ರಿಂದ ಜಾರಿಯಲ್ಲಿದೆ. ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ ಹಳೆಯ ಕಾನೂನಿನಲ್ಲಿ ಹೆಚ್ಚೆಂದರೆ ಎರಡು ವರ್ಷ ಜೈಲಿತ್ತು. ಈಗ 106ನೇ ಕಲಮಿನಲ್ಲಿ ಐದು ವರ್ಷದವರೆಗೆ ಇದೆ. ಅದಕ್ಕಿಂತ ನಿಮಗೆ ಹತ್ತಿರದ್ದು 234ನೇ ಕಲಮು. ಕಾನೂನು ಕೇಳುವ ಸರ್ಟಿಫಿಕೇಟಿಗೆ ಸುಳ್ಳು ಅಂತ ಗೊತ್ತಿದ್ದೂ ಸಹಿ ಹಾಕಿದರೆ, ಸುಳ್ಳು ಸಾಕ್ಷಿ ಹೇಳಿದವನಿಗೆ ಏನು ಶಿಕ್ಷೆಯೋ ಅದೇ ಶಿಕ್ಷೆ. ಇದಕ್ಕೆ ಕಟ್ಟಡ ಬೀಳಬೇಕಾಗಿಯೇ ಇಲ್ಲ. ಈ ಕಲಮು ಹೊಸದೂ ಅಲ್ಲ, ಹಳೆಯ ದಂಡ ಸಂಹಿತೆಯಲ್ಲಿ 197 ಅಂತ ಇತ್ತು. ನಮ್ಮ ಎಂಜಿನಿಯರುಗಳಿಗೆ ಐಎಸ್ ನಂಬರು ಬಾಯಿಪಾಠ ಇರುತ್ತವೆ, ಈ ನಂಬರು ಕೇಳಿದವರು ಕಡಿಮೆ.

ಹಾಗಂತ ಕಾನೂನು ಪ್ರತಿ ತಪ್ಪಿಗೂ ಜೈಲಿಗೆ ಹಾಕುವುದಿಲ್ಲ. 2005ರಲ್ಲಿ ಸುಪ್ರೀಂ ಕೋರ್ಟು ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ವೃತ್ತಿಯವರ ಹೊಣೆ ಏನು ಅಂತ ಬಿಡಿಸಿ ಹೇಳಿತು. ಅದು ವೈದ್ಯರ ಕೇಸು, ಆದರೆ ಮಾತು ಎಲ್ಲ ವೃತ್ತಿಯವರಿಗೂ ಹೊಂದುತ್ತದೆ. ತನಗಿದೆ ಅಂತ ಹೇಳಿಕೊಳ್ಳುವ ವಿದ್ಯೆ ನಿಜವಾಗಿ ಇರಬೇಕು, ಅದನ್ನು ತಕ್ಕಷ್ಟು ಎಚ್ಚರದಿಂದ ಬಳಸಿರಬೇಕು. ಅಷ್ಟಾದ ಮೇಲೂ ಅಂದಾಜು ತಪ್ಪಿದರೆ ಅದೇ ನಿರ್ಲಕ್ಷ್ಯ ಆಗುವುದಿಲ್ಲ. ಲೆಕ್ಕ ಮಾಡಿ ಎಡವಿದವನಿಗೆ ಕೋರ್ಟಿನಲ್ಲಿ ಹೇಳಲು ಮಾತಿರುತ್ತದೆ. ಲೆಕ್ಕವನ್ನೇ ಮಾಡದವನು ಏನು ಹೇಳಬೇಕು?

ಲೆಕ್ಕ ಮಾಡದೆ ಬಿದ್ದ ಸೀಲು ಅಂದಾಗ ನನಗೆ ನೆನಪಾಗುವುದು ಅಮೆರಿಕದ ಕ್ಯಾನ್ಸಸ್ ಸಿಟಿಯ ಹಯಾತ್ ರೀಜೆನ್ಸಿ ಹೋಟೆಲು. ಹಾಲ್‌ನೊಳಗೆ ಒಂದರ ಕೆಳಗೊಂದು ಎರಡು ನಡೆದಾರಿಗಳನ್ನು ಉಕ್ಕಿನ ರಾಡುಗಳಿಂದ ತೂಗುಹಾಕಿದ್ದರು. ಮೂಲ ಡ್ರಾಯಿಂಗಿನಲ್ಲಿ ಚಾವಣಿಯಿಂದ ಕೆಳಗಿನವರೆಗೂ ಒಂದೇ ಉದ್ದ ರಾಡು. ಕೆಲಸ ಸುಲಭವಾಗಲಿ ಅಂತ ಅದನ್ನು ಎರಡು ತುಂಡು ಮಾಡಿದರು. ಮೇಲಿನ ದಾರಿ ಚಾವಣಿಗೆ, ಕೆಳಗಿನ ದಾರಿ ಮೇಲಿನ ದಾರಿಯ ತೊಲೆಗೆ. ಬಾವಿಯೊಳಗೆ ಬಿಟ್ಟ ಒಂದೇ ಹಗ್ಗಕ್ಕೆ ಇಬ್ಬರು ಜೋತುಬೀಳುವುದು ಒಂದು, ಮೇಲಿನವನ ಕಾಲು ಹಿಡಿದು ಕೆಳಗಿನವನು ಜೋತುಬೀಳುವುದು ಇನ್ನೊಂದು. ಹಗ್ಗಕ್ಕೆ ಬೀಳುವ ಭಾರ ಎರಡರಲ್ಲೂ ಅಷ್ಟೇ, ಮೇಲಿನವನ ಕೈಗೆ ಮಾತ್ರ ದುಪ್ಪಟ್ಟು. ಇಲ್ಲಿ ಆ ಕೈ ಅಂದರೆ ಮೇಲಿನ ತೊಲೆಯ ನಟ್ಟು ಕೂರುವ ಜಾಗ. ಬದಲಾವಣೆಯ ಡ್ರಾಯಿಂಗಿಗೆ ಎಂಜಿನಿಯರ್ ಆಫೀಸಿನ ಸೀಲು ಬಿತ್ತು, ಆ ಜೋಡಣೆಯನ್ನು ಯಾರೂ ಲೆಕ್ಕ ಹಾಕಿ ನೋಡಲಿಲ್ಲ. 1981ರ ಜುಲೈ 17ರ ಸಂಜೆ ಕೆಳಗೆ ಡಾನ್ಸ್ ನಡೆದಿತ್ತು, ಎರಡೂ ದಾರಿಗಳು ಕುಸಿದವು. 114 ಜನ ಸತ್ತರು. ಇಬ್ಬರು ಎಂಜಿನಿಯರುಗಳ ಲೈಸೆನ್ಸ್ ಹೋಯಿತು. ರಾಡು ಕತ್ತರಿಸೋಣ ಅಂದವರು ಅವರಲ್ಲ. ಒಪ್ಪಿ ಸೀಲು ಹಾಕಿದ ಆಫೀಸು ಅವರದು, ಅಷ್ಟೇ.

ಅಮೆರಿಕದ ಕಥೆ ಬೇಡ ಅಂದರೆ ಇಲ್ಲಿ ಬೆಳಗಾವಿಯಿಂದ ಒಂದೂವರೆ ತಾಸಿನ ದಾರಿ, ಧಾರವಾಡ. 2019ರ ಮಾರ್ಚ್ 19, ಕುಮಾರೇಶ್ವರ ನಗರ. ಕಟ್ಟಡ ಇನ್ನೂ ಮುಗಿದಿರಲಿಲ್ಲ, ಕೆಳಗೆ ಅಂಗಡಿಗಳು ಆಗಲೇ ಶುರುವಾಗಿದ್ದವು. ಕುಸಿದು 19 ಜನ ಹೋದರು. ಆಮೇಲೆ ಎಂಜಿನಿಯರೊಬ್ಬರೇ ಅಲ್ಲ, ಮಾಲಕರೂ ಜೈಲು ಸೇರಿದರು. ಎಲ್ಲರನ್ನೂ ಬಿಟ್ಟು ನಮ್ಮನ್ನೇ ಹಿಡಿಯುತ್ತಾರೆ ಅನ್ನುವಾಗ ಇದೂ ನೆನಪಿರಲಿ.

‘ನಾನಲ್ಲದಿದ್ದರೆ ಇನ್ನೊಬ್ಬ’ ಅನ್ನುವ ನಿಮ್ಮ ಮಾತು ನನಗೆ ಎಲ್ಲಕ್ಕಿಂತ ಜಾಸ್ತಿ ಸಿಟ್ಟು ತರಿಸಿತು. ಬೇಜಾರು ಮಾಡಿಕೊಳ್ಳಬೇಡಿ ತಮ್ಮಾ. ಲಂಚ ತಿನ್ನುವವನೂ ಇದನ್ನೇ ಹೇಳುತ್ತಾನೆ, ಪ್ರಶ್ನೆಪತ್ರಿಕೆ ಮಾರುವವನೂ ಇದನ್ನೇ ಹೇಳುತ್ತಾನೆ. ಬಿಹಾರದಲ್ಲಿ ಹೆದ್ದಾರಿ ಕೆಲಸದಲ್ಲಿದ್ದ ಎಂಜಿನಿಯರ್ ಸತ್ಯೇಂದ್ರ ದುಬೆ ಹಾಗೆ ಅಂದುಕೊಂಡಿದ್ದರೆ ಇವತ್ತು ಇನ್ನೂ ಸರ್ವಿಸಿನಲ್ಲಿ ಇರುತ್ತಿದ್ದರೇನೋ. ಕಳಪೆ ಕೆಲಸ, ಗುತ್ತಿಗೆ ಗೋಲ್‌ಮಾಲು ಎಲ್ಲವನ್ನೂ ಬರೆದು ಪ್ರಧಾನಿ ಕಚೇರಿಗೆ ಕಳಿಸಿದರು. 2003ರ ನವೆಂಬರ್ 27ರಂದು ಗಯಾದಲ್ಲಿ ಗುಂಡಿಗೆ ಬಲಿಯಾದರು. ನಿಮ್ಮಿಂದ ಯಾರೂ ಅಂಥದ್ದು ಕೇಳುತ್ತಿಲ್ಲ. ಒಂದು ಕಾಗದಕ್ಕೆ ಸಹಿ ಹಾಕಬೇಡಿ ಅಂತ ಕೇಳುತ್ತಿದ್ದೇನೆ, ಅಷ್ಟೇ.

ನೋಡದೆ ಹಾಕಿದ ಸಹಿ ಎಂಥದ್ದು ಅಂತ ನಮ್ಮ ಮಾವನವರ ಮನೆಯಲ್ಲಿ ನಾನು ದಿನಾ ನೋಡಬಹುದು. ಬಾಗಲಕೋಟೆ ಜಿಲ್ಲೆಯ ಊರು, ಅಪ್ಪಟ ಎರೆ ನೆಲ. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರಿಯುತ್ತದೆ, ಹೊಲದಲ್ಲಿ ಬಿರುಕಿನೊಳಗೆ ಕೈ ಹೋಗುತ್ತದೆ. ಅಂಥ ಕಡೆ ಪಾಯ ಕೆಳಗಿನ ಗಟ್ಟಿ ಗರಸಿನವರೆಗೆ ಇಳಿಯಬೇಕು, ಇಲ್ಲವೇ ಬುಡದಲ್ಲಿ ಗಡ್ಡೆಯಂತೆ ಅಗಲ ಮಾಡಿದ ಅಂಡರ್‌ರೀಮ್ಡ್ ಪೈಲ್ ಹಾಕಬೇಕು. ಅವರ ಮನೆಯ ಡ್ರಾಯಿಂಗಿನಲ್ಲಿ ಮಣ್ಣಿನ ತಾಳಿಕೆ ಚದರ ಮೀಟರಿಗೆ 20 ಟನ್ ಅಂತ ಬರೆದಿತ್ತು. ಯಾರೂ ಮಣ್ಣು ಪರೀಕ್ಷೆ ಮಾಡಿರಲಿಲ್ಲ. ಆ ಆಫೀಸಿನ ಎಲ್ಲ ಡ್ರಾಯಿಂಗಿನಲ್ಲೂ ಅದೇ 20 ಟನ್. ಹಾಳೆಯ ಮೂಲೆಯಲ್ಲಿ ಮಾಲಕರ ಹೆಸರಿನ ಜಾಗದಲ್ಲಿ ಇನ್ಯಾರದೋ ಹೆಸರು ಹಾಗೇ ಉಳಿದಿತ್ತು, ಅದರ ಕೆಳಗೇ ಸಹಿ, ಸೀಲು. ಈಗ ಅಡುಗೆಮನೆ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಎದ್ದಿದೆ. ಯುಗಾದಿ ಹೊತ್ತಿಗೆ ಅದರಲ್ಲಿ ಹತ್ತು ರೂಪಾಯಿ ನಾಣ್ಯ ತೂರುತ್ತದೆ. ಶ್ರಾವಣಕ್ಕೆ ಮುಚ್ಚಿಕೊಳ್ಳುತ್ತದೆ. ಗೌಂಡಿಯನ್ನು ಕೇಳಿದರೆ “ಎರಿ ಭೂಮಿರಿ, ಹಿಂಗ ಆಗತೈತಿ” ಅಂತಾನೆ. ಅವನಿಗೆ ಗೊತ್ತಿದ್ದದ್ದು ಸಹಿ ಹಾಕಿದವರಿಗೆ ಗೊತ್ತಿರಲಿಲ್ಲ ಅಂತ ನಾನು ನಂಬುವುದಿಲ್ಲ. ಅವರು ಆ ಊರಿಗೆ ಬಂದೇ ಇರಲಿಲ್ಲ.

ಹಾಂ, ಮಾವನವರನ್ನೂ ಬಿಡುವಂತಿಲ್ಲ. ಮಣ್ಣು ಪರೀಕ್ಷೆಗೆ ದುಡ್ಡು ದಂಡ ಅಂದವರು ಅವರೇ. ಅದೇ ಮನೆಗೆ ಗ್ರಾನೈಟ್ ಆರಿಸಲು ಇಳಕಲ್ಲಿಗೆ ಮೇಲಿಂದ ಮೇಲೆ ಕಾರು ಮಾಡಿಕೊಂಡು ಹೋದರು. ನಮ್ಮ ಕಡೆ ಎಂಜಿನಿಯರ್ ಫೀ ಅಂದರೆ ಪಾಲಿಕೆಯ ಪರ್ಮಿಷನ್ ತರುವ ಖರ್ಚು ಅಂತಲೇ ಜನ ತಿಳಿದಿದ್ದಾರೆ. ವಕೀಲರ ಸಲಹೆಗೆ ದುಡ್ಡು ಕೊಡುತ್ತಾರೆ, ಡಾಕ್ಟರ್ ನಾಡಿ ಹಿಡಿದರೆ ದುಡ್ಡು ಕೊಡುತ್ತಾರೆ, ಎಂಜಿನಿಯರ್ ಬಂದು ಗುಂಡಿ ನೋಡಿ ‘ಇಲ್ಲಿ ಬೇಡ’ ಅಂದರೆ ಮಾತ್ರ ಬಿಟ್ಟಿ.

ಇದಕ್ಕೆ ಸರ್ಕಾರದ ಪಾಲೂ ಇದೆ. ವಕೀಲರಿಗೆ 1961ರ ಕಾಯ್ದೆ ಇದೆ. ಆರ್ಕಿಟೆಕ್ಟರಿಗೆ 1972ರದು, ಲೆಕ್ಕಪರಿಶೋಧಕರಿಗೆ 1949ರದು. ತಪ್ಪು ಮಾಡಿದವರ ಹೆಸರು ಪಟ್ಟಿಯಿಂದ ತೆಗೆಯುವ ಕೌನ್ಸಿಲ್ ಅವರಿಗಿದೆ. ಎಂಜಿನಿಯರುಗಳಿಗೆ ಅಂಥ ಕೇಂದ್ರ ಕಾಯ್ದೆ ಇಲ್ಲ. 1920ರಲ್ಲಿ ಶುರುವಾದ ಇನ್‌ಸ್ಟಿಟ್ಯೂಷನ್ ಆಫ್ ಎಂಜಿನಿಯರ್ಸ್ ಇದೆ, ನೀತಿ ಸಂಹಿತೆಯೂ ಇದೆ, ಆದರೆ ಅದರ ಸದಸ್ಯರಾಗದೆಯೂ ವೃತ್ತಿ ನಡೆಸಬಹುದು. ಬಿಲ್ಡರುಗಳನ್ನು ಹತೋಟಿಯಲ್ಲಿಡುವ ರೇರಾ ಕಾಯ್ದೆಯಲ್ಲಿ ಮನೆ ಕೈಗೆ ಬಂದ ಐದು ವರ್ಷದೊಳಗೆ ರಚನೆಯ ದೋಷ ಕಂಡರೆ ಬಿಲ್ಡರೇ ಸರಿಮಾಡಿಸಿ ಕೊಡಬೇಕು. ಒಳ್ಳೆಯದು. ಆದರೆ ಸ್ವಂತ ಸೈಟಿನಲ್ಲಿ ಗೌಂಡಿ ಹಿಡಿದು ಮನೆ ಕಟ್ಟಿಸುವ ನಮ್ಮ ಮುದ್ದೇಬಿಹಾಳ, ಜಮಖಂಡಿ, ಗೋಕಾಕದ ಜನಕ್ಕೆ ಅದು ತಾಗುವುದೇ ಇಲ್ಲ.

ಕಾಲೇಜುಗಳ ಬಗ್ಗೆ ಹೇಳಲೇ? ವಿಶ್ವೇಶ್ವರಯ್ಯನವರ ಹೆಸರಿನ ವಿಶ್ವವಿದ್ಯಾಲಯ 1998ರಿಂದ ನಮ್ಮ ಬೆಳಗಾವಿಯಲ್ಲೇ ಇದೆ, ಹೆಮ್ಮೆಯ ಮಾತು. ಅಲ್ಲಿ ವೃತ್ತಿನೀತಿಯನ್ನು ಸಂವಿಧಾನದ ಜೊತೆ ಒಂದೇ ಪೇಪರಿಗೆ ಸೇರಿಸಿದ್ದರು, ಸರಿ ಉತ್ತರಕ್ಕೆ ಗುರುತು ಹಾಕುವ ಪರೀಕ್ಷೆ. ರಾತ್ರಿ ಓದಿ ಬೆಳಿಗ್ಗೆ ಪಾಸು. ಇನ್ನು ಸೆಪ್ಟೆಂಬರ್ 15 ಬಂತೆಂದರೆ ಊರೂರಿನಲ್ಲಿ ಎಂಜಿನಿಯರ್ಸ್ ಡೇ. ಫೋಟೋಗೆ ಹಾರ, ಸರ್ಕಾರಿ ಮೇಣದಬತ್ತಿ ಆರಿಸಿ ಸ್ವಂತದ್ದು ಹಚ್ಚಿದ ಅದೇ ಕಥೆ, ಶಾಲು, ಊಟ. ಈ ಸಲ ಯಾರಾದರೂ ಮೇಣದಬತ್ತಿ ಬಿಟ್ಟು 234ನೇ ಕಲಮಿನ ಬಗ್ಗೆ ಅರ್ಧ ತಾಸು ಮಾತಾಡಿಸಿದರೆ ಊಟದ ಖರ್ಚು ನಮ್ಮ ಪತ್ರಿಕೆಯದು.

ಸರಿ, ನಿಮ್ಮ ಕೆಲಸಕ್ಕೆ ಬರೋಣ. ‘ಆಗುವುದಿಲ್ಲ’ ಅಂತ ಫೋನಿನಲ್ಲಿ ಹೇಳಿ ಸುಮ್ನೆ ಕೂರಬೇಡಿ. ಮಾಲಕರಿಗೆ ಒಂದು ಕಾಗದ ಬರೆಯಿರಿ. ಎರಡು ಮೂರು ಫೂಟಿಂಗ್ ಅಗೆದು ನೋಡಬೇಕು, ಕಾಲಮ್ಮಿನ ಕವರ್ (ಸರಳಿನ ಮೇಲಿನ ಕಾಂಕ್ರೀಟ್ ಪದರ) ಒಡೆದು ಸರಳು ಎಣಿಸಬೇಕು, ಕಾಂಕ್ರೀಟಿನ ಗಟ್ಟಿತನ ಅಂದಾಜು ಮಾಡುವ ಹ್ಯಾಮರ್ ಟೆಸ್ಟ್ ಮಾಡಿಸಬೇಕು, ಬೇಕಾದರೆ ಪರೀಕ್ಷೆಗೆ ಕಾಂಕ್ರೀಟಿನ ತುಂಡು ಕೊರೆದು, ಅಂದರೆ ಕೋರ್ ತೆಗೆಯಬೇಕು, ಆಮೇಲೆ ಸಭಾಂಗಣದ ಭಾರ ಹಿಡಿದು ಲೆಕ್ಕ ಮಾಡಬೇಕು. ಇಷ್ಟಕ್ಕೆ ಇಷ್ಟು ಖರ್ಚು, ನನ್ನ ಫೀ ಇಷ್ಟು ಅಂತ ಬಿಡಿಸಿ ಬರೆಯಿರಿ. ಫೀ ಬರೆಯಲು ನಾಚಬೇಡಿ. ಲೆಕ್ಕ ಕೂಡಿಬಂದರೆ ಧೈರ್ಯವಾಗಿ ಸಹಿ ಹಾಕಿ, ಪತ್ರಿಕೆಗೂ ಆಮಂತ್ರಣ ಕಳಿಸಿ. ಕೂಡದಿದ್ದರೆ ಕಾಲಮ್ಮಿಗೆ ಜಾಕೆಟಿಂಗ್ ಮಾಡಿ, ಅಂದರೆ ಸುತ್ತ ಹೊಸ ಸರಳು, ಕಾಂಕ್ರೀಟ್ ಕಟ್ಟಿ, ಗಟ್ಟಿ ಮಾಡಬಹುದಾ ಅಂತ ನೋಡಿ, ಅದಕ್ಕೂ ಮಾಲಕರು ಒಪ್ಪದಿದ್ದರೆ ಕೈ ಬಿಡಿ. ಪಾಲಿಕೆಯ ಫೈಲಿನಲ್ಲಿ ನಿಮ್ಮ ಹೆಸರು ಆಗಲೇ ಹೋಗಿದ್ದರೆ, ಈ ಕೆಲಸದ ಹೊಣೆಯಿಂದ ಹಿಂದೆ ಸರಿದಿದ್ದೇನೆ ಅಂತ ಆಯುಕ್ತರಿಗೆ ಬರೆದು, ಇನ್‌ವರ್ಡಿನಲ್ಲಿ ಸೀಲು ಹಾಕಿಸಿ ನಕಲು ಇಟ್ಟುಕೊಳ್ಳಿ. ಕಾಗದ ತಗೊಳ್ಳುವ ಸಾಹೇಬರು ಊಟಕ್ಕೆ ಹೋಗಿದ್ದಾರೆ ಅಂದರೆ ಸ್ಪೀಡ್ ಪೋಸ್ಟ್ ಮಾಡಿ.

ಮಾಲಕರು ಸಿಟ್ಟಾಗಿ ನಮಗೊಂದು ಪತ್ರ ಬರೆದರೆ ಅದನ್ನೂ ಅಚ್ಚು ಹಾಕುತ್ತೇವೆ. ಅವರ ಹೆಸರು ಬೇಕಾದರೆ ಹಾಕುತ್ತೇವೆ, ನಿಮ್ಮದಂತೂ ಇಲ್ಲ.

— ಸಂಪಾದಕ