ಚಂದಮಾಮದ ಮುಖಪುಟ ಕೀಳಲೇ, ಅತ್ತೆಯ ಮಾತು ಕೇಳಲೇ?

ಪ್ರಶ್ನೆ: ಅತ್ತೆಯವರ ಬಳಿ 1950–60ರ ದಶಕದ ಚಂದಮಾಮಗಳ ಬೈಂಡ್ ಮಾಡಿಸಿದ ಸಂಪುಟಗಳಿವೆ. ಎಂಟು ಮುಖಪುಟ ಬಿಡಿಸಿ ಹೊಸ ಮನೆಯ ಹಾಲ್‌ನಲ್ಲಿ ಫ್ರೇಮ್ ಹಾಕಿಸುವ ಆಸೆ ನನಗೆ. ‘ನಾನು ಹೋದ್ಮೇಲೆ ಏನು ಬೇಕಾದ್ರೂ ಮಾಡ್ಕೊಳ್ಳಿ’ ಅಂದವರು ಆಮೇಲೆ ಮಾತೇ ಬಿಟ್ಟಿದ್ದಾರೆ. ಕಪಾಟಿನಲ್ಲಿ ಧೂಳು ಹಿಡಿಯುವ ಬದಲು ಗೋಡೆ ಮೇಲಿದ್ದರೆ ತಪ್ಪೇನು?
– ಹೆಸರು ಬೇಡ, ಶಿವಮೊಗ್ಗ

ಉತ್ತರ: ಭಾವನೆಯ ಮಾತು ಬದಿಗಿಟ್ಟರೂ ನ್ಯಾಯ ಅತ್ತೆಯವರ ಕಡೆಗೇ ಇದೆ. ಬೈಂಡ್ ಮಾಡುವವರು ಸಾಮಾನ್ಯವಾಗಿ ಅಂಚು ಕತ್ತರಿಸಿ, ಎಡಬದಿಗೆ ತೂತು ಹಾಕಿ ಹೊಲಿದಿರುತ್ತಾರೆ. ಕಿತ್ತರೆ ಚಿತ್ರದ ಒಂದು ಪಟ್ಟಿ ಹೊಲಿಗೆಯಲ್ಲೇ ಉಳಿಯುತ್ತದೆ, ಅಕ್ಕಪಕ್ಕದ ಪುಟಗಳೂ ಸಡಿಲವಾಗುತ್ತವೆ. ಇನ್ನು ಬಣ್ಣ. ಇಷ್ಟು ವರ್ಷ ಬೆಳಕು ತಾಗದ್ದಕ್ಕೇ ಅದು ಉಳಿದಿರುವುದು. ಗೋಡೆಗೇರಿಸಿದರೆ ಕೆಂಪು, ಹಳದಿ ಮೊದಲು ಹಾರಿಹೋಗಿ ಮುಖಪುಟ ಕಲಾವಿದ ಎಂ.ಟಿ.ವಿ. ಆಚಾರ್ಯರ ಮಹಾಭಾರತದ ವೀರರೆಲ್ಲ ನೀಲಿಗಟ್ಟಿ ನಿಲ್ಲುತ್ತಾರೆ.

ಗೋಡೆಗೆ ಪ್ರತಿ ಸಾಕು. ಸಂಪುಟವನ್ನು ಸ್ಕ್ಯಾನರ್ ಮೇಲೆ ಬೋರಲು ಒತ್ತಬೇಡಿ, ಬೆನ್ನು ಮುರಿಯುತ್ತದೆ. ರಟ್ಟಿನ ಕೆಳಗೆ ದಿಂಬು ಕೊಟ್ಟು ಅರೆಬರೆ ತೆರೆದಿಟ್ಟು, ಪುಟಕ್ಕೆ ಸಮಾನಾಂತರವಾಗಿ ಮೊಬೈಲ್ ಹಿಡಿದು ಫೋಟೊ ತೆಗೆಯಿರಿ. ಫ್ಲಾಶ್ ಬೇಡ, ಎರಡೂ ಬದಿಯಿಂದ 45 ಡಿಗ್ರಿ ಓರೆಯಲ್ಲಿ ಒಂದೇ ಬಣ್ಣದ ಬಲ್ಬ್ ಇರಲಿ. ಚಿತ್ರ ಫ್ರೇಮ್ ತುಂಬಿದ್ದರೆ 12 ಮೆಗಾಪಿಕ್ಸೆಲ್ ಎ4 ಅಳತೆಗೆ ಧಾರಾಳ. ಬೇಗ ಮಾಸದ ಪಿಗ್ಮೆಂಟ್ ಶಾಯಿಯಲ್ಲಿ, 200 ಜಿಎಸ್‌ಎಂಗೆ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ತೂಕ) ಕಡಿಮೆಯಿಲ್ಲದ, ಹೊಳಪಿಲ್ಲದ ಮ್ಯಾಟ್ ಕಾಗದದ ಮೇಲೆ ಪ್ರಿಂಟ್ ಹಾಕಿಸಿ. ಕಾಗದದ ಹಳದಿಯನ್ನು ಪೂರ್ತಿ ತೊಳೆದು ಬಿಳಿ ಮಾಡಿಸಬೇಡಿ, ಕ್ಯಾಲೆಂಡರಿನಂತೆ ಕಾಣುತ್ತದೆ.

ಅಸಲಿಯೇ ಬೇಕೆಂದರೆ ಬೆಂಗಳೂರಿನ ಅವೆನ್ಯೂ ರಸ್ತೆಯಂಥ ಕಡೆ ಬಿಡಿ ಸಂಚಿಕೆ ಹುಡುಕಿ. ತೆಲುಗು, ತಮಿಳಿನದಾದರೂ ಅಡ್ಡಿಯಿಲ್ಲ: ಸಾಮಾನ್ಯವಾಗಿ ಚಿತ್ರ ಅದೇ, ತಲೆಬರಹ ಮಾತ್ರ ಬೇರೆ. ಪಿನ್ ತುಕ್ಕು ಹಿಡಿದಿದ್ದರೆ ಎಳೆಯದೆ, ಮಡಚಿದ ಕಡೆಯಿಂದ ಕಾಲು ನೆಟ್ಟಗೆ ಮಾಡಿ ಬಿಡಿಸಿ. ಬಿಡಿ ಸಂಚಿಕೆ ಸ್ಕ್ಯಾನ್ ಮಾಡುವುದಾದರೆ 600 ಡಿಪಿಐ ಇಟ್ಟು, ಸ್ಕ್ಯಾನರ್‌ನ ‘ಡಿಸ್ಕ್ರೀನ್’ ಆಯ್ಕೆ ಒತ್ತಿ. ಇಲ್ಲವಾದರೆ ಮುದ್ರಣದ ಚುಕ್ಕಿಗಳು ಅಲೆಅಲೆಯಾಗಿ ಎದ್ದು ಕಾಣುತ್ತವೆ.

ಫ್ರೇಮ್ ಅಂಗಡಿಯವರು ಲ್ಯಾಮಿನೇಷನ್ ಅಂದರೆ ಬೇಡವೇ ಬೇಡ ಅನ್ನಿ, ಮತ್ತೆ ಬಿಡಿಸಲಾಗದು. ಸೆಲೋಟೇಪ್, ಮೈದಾ ಅಂಟು ಕೂಡ ಸಲ್ಲ: ಒಂದು ಕಂದು ಕಲೆ ಬಿಡುತ್ತದೆ, ಇನ್ನೊಂದು ಬೆಳ್ಳಿಹುಳುವಿಗೆ ಔತಣ. ಆಸಿಡ್ ಇಲ್ಲದ ಮೌಂಟ್ ಬೋರ್ಡ್ (ಚಿತ್ರದ ಹಿಂದೆ, ಸುತ್ತ ಕೂರಿಸುವ ರಟ್ಟು) ಕೇಳಿ, ನಾಲ್ಕು ಮೂಲೆಗೆ ಕಾಗದದ ಫೋಟೊ ಕಾರ್ನರ್ ಸಾಕು. ಗಾಜು ಕಾಗದಕ್ಕೆ ತಾಗದಷ್ಟು ಮೌಂಟ್ ದಪ್ಪವಿರಬೇಕು, ಇಲ್ಲದಿದ್ದರೆ ತೇವಕ್ಕೆ ಶಾಯಿ ಅಂಟಿಕೊಳ್ಳುತ್ತದೆ. ಮೌಂಟಿನ ಕಿಂಡಿ ಕತ್ತರಿಸುವ ಮುಂಚೆ ಮೂಲೆಯಲ್ಲಿ ಕಲಾವಿದರ ಸಹಿ ಇದೆಯಾ ನೋಡಿಸಿ, ಅವಸರದಲ್ಲಿ ಅದೇ ಮುಚ್ಚಿಹೋಗುತ್ತದೆ.

ಅತ್ತೆಯವರ ಹತ್ತಿರ ಹೋಗಿ ‘ಕೀಳಲ್ಲ ಅಮ್ಮ, ಕಾಪಿ ತೆಗೆಸ್ತೀನಿ. ಯಾವ ಎಂಟು ಅಂತ ನೀವೇ ಹೇಳಿ’ ಅನ್ನಿ. ಆಯ್ಕೆ ನಿಜಕ್ಕೂ ಅವರದೇ ಆಗಿರಲಿ. ನಿಮಗೆ ಇನ್ನೊಬ್ಬ ಮುಖಪುಟ ಕಲಾವಿದ ವಡ್ಡಾದಿ ಪಾಪಯ್ಯನವರ ಅಪ್ಸರೆ ಹಿಡಿಸಿ, ಅವರು ಬೇರೇನನ್ನೋ ತೋರಿಸಿದರೆ ಒಂಬತ್ತನೆಯದು ನಿಮ್ಮ ಪಾಲಿಗೆ.

ನಿಮ್ಮ ಕಡೆ ಮಳೆಗಾಲದಲ್ಲಿ ಹೊರಗೋಡೆ ಜಿನುಗಬಹುದು. ಒಳಗೋಡೆಗೇ ಹಾಕಿ, ಫ್ರೇಮಿನ ಹಿಂದೆ ಕೆಳಮೂಲೆಗಳಿಗೆ ಕಾರ್ಕ್ ಚೂರು ಅಂಟಿಸಿ ಗಾಳಿಯಾಡಲು ಬಿಡಿ. ಆಗಸ್ಟಿನಲ್ಲಿ ಒಮ್ಮೆ ಇಳಿಸಿ ಹಿಂಬದಿ ನೋಡಿ. ಬೂಷ್ಟು ಕಂಡರೆ ಜಾಗ ಬದಲಿಸಿ.