ಚೈನೀಸ್ ಸೂಪರ್‌ಮಾರ್ಕೆಟ್‌ನಲ್ಲಿ ಸಿಗುವ ಸಿಹಿಗಳಲ್ಲಿ ಮೊದಲು ಯಾವುದನ್ನು ತಿಂದು ನೋಡಬೇಕು?

ಮೊದಲು ಹಾ ಫ್ಲೇಕ್ಸ್ ತೆಗೆದುಕೊಳ್ಳಿ. ಚೀನಾದ ಹಾಥಾರ್ನ್ ಹಣ್ಣಿನ ತಿರುಳಿಗೆ ಸಕ್ಕರೆ ಸೇರಿಸಿ, ಒಣಗಿಸಿ ಮಾಡಿದ ತೆಳುವಾದ ದುಂಡು ಬಿಲ್ಲೆಗಳು. ಹುಳಿ-ಸಿಹಿ ರುಚಿ. ಮಾವಿನ ಹಣ್ಣಿನ ಹಪ್ಪಳ ಇಷ್ಟಪಡುವವರಿಗೆ ಖಂಡಿತ ಹಿಡಿಸುತ್ತದೆ.

ಆಮೇಲೆ ಶಾಂಘೈನ ವೈಟ್ ರ‍್ಯಾಬಿಟ್ ಹಾಲಿನ ಮಿಠಾಯಿ. ಹೊರಗಿನ ಕಾಗದ ಬಿಚ್ಚಿದರೆ ಒಳಗೆ ಇನ್ನೊಂದು ತೆಳು ಪೊರೆ ಕಾಣುತ್ತದೆ. ಅದನ್ನು ಸುಮ್ನೆ ಕೀಳಲು ಹೋಗಬೇಡಿ. ಅಕ್ಕಿ ಪಿಷ್ಟದ ಪೊರೆ ಅದು, ಬಾಯಲ್ಲೇ ಕರಗುತ್ತದೆ. ಆದರೆ ಮಿಠಾಯಿಯಲ್ಲಿ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆಯುವ ಜೆಲಟಿನ್ ಇದೆ. ಸಸ್ಯಾಹಾರಿಗಳು ಬಿಟ್ಟುಬಿಡುವುದೇ ಒಳ್ಳೆಯದು.

ಈ ವಿಷಯದಲ್ಲಿ ಸ್ವಲ್ಪ ಜಾಸ್ತಿ ಎಚ್ಚರ ಬೇಕು. ಸಿಹಿ ಅಂದರೆ ಮಾಂಸ ಇರುವುದಿಲ್ಲ ಅಂತ ನಮ್ಮಲ್ಲಿ ಅಂದುಕೊಳ್ಳುತ್ತೇವೆ, ಅಲ್ವಾ? ಅಲ್ಲಿ ಹಾಗಲ್ಲ. ತಾಂಗ್‌ಯುವಾನ್ ಎಂಬ ಅಂಟಕ್ಕಿ ಹಿಟ್ಟಿನ ಉಂಡೆಯ ಒಳಗೆ ಕರಿ ಎಳ್ಳಿನ ಹೂರಣ ಇರುತ್ತದೆ. ಬಿಸಿನೀರಿನಲ್ಲಿ ಬೇಯಿಸಿ ತಿಂದರೆ ಅದ್ಭುತ. ಆದರೆ ಆ ಹೂರಣಕ್ಕೆ ಹಂದಿಯ ಕೊಬ್ಬು ಸೇರಿಸುವುದು ಹಳೆಯ ಪದ್ಧತಿ. ಪೊಟ್ಟಣದ ಮೇಲೆ ಲಾರ್ಡ್ ಅಂತ ಇದ್ದರೆ ಅದೇ. ಗಿಡಜನ್ಯ ಎಣ್ಣೆ ಬಳಸಿದ್ದೂ ಸಿಗುತ್ತದೆ, ಹುಡುಕಿ.

ಚೀನೀಯರ ಶರತ್ಕಾಲದ ಹಬ್ಬದ ಹೊತ್ತಿಗೆ ಹೋದರೆ, ಒಳಗೆ ಹೂರಣ ತುಂಬಿದ ಮೂನ್‌ಕೇಕ್ ಸಾಲು ಸಾಲಾಗಿ ಇಟ್ಟಿರುತ್ತಾರೆ. ತಾವರೆ ಬೀಜದ ಹೂರಣದ್ದು ನನಗೆ ತುಂಬಾ ಇಷ್ಟ. ಹಲವದರಲ್ಲಿ ಉಪ್ಪು ಹಾಕಿಟ್ಟ ಬಾತುಕೋಳಿ ಮೊಟ್ಟೆಯ ಹಳದಿ ಭಾಗ ಇರುತ್ತದೆ. ಇಡೀ ಕೇಕ್ ಒಬ್ಬರೇ ತಿನ್ನಬೇಡಿ, ಬಹಳ ಭಾರ. ಎಂಟು ಹೋಳು ಮಾಡಿ, ಸಕ್ಕರೆ ಹಾಕದ ಚಹಾದ ಜೊತೆ ಹಂಚಿಕೊಂಡು ತಿನ್ನಿ.