ನಮ್ಮೂರಿಗೆ ಸರ್ಕಾರ ಯಾವ್ದು ಅಂತ ಕೇಳಿದ್ರಲ್ಲ

ನೀವು ರಾಯಚೂರು ಕಡೆಯವರು, ಒಂದೇ ಒಂದು ಪ್ರಶ್ನೆ ಕೇಳಿದ್ರಿ ಸಾರ್, "ನಿಮ್ಮ ಜಿಲ್ಲೆ ಹಾಸನ, ಸಂತೆಗೆ ಹೋಗೋದು ಕೊಡಗಿಗೆ, ಹರಕೆ ತೀರ್ಸೋದು ದಕ್ಷಿಣ ಕನ್ನಡದಲ್ಲಿ, ಹಂಗಾದ್ರೆ ನಿಮಗೆ ಸರ್ಕಾರ ಯಾವ್ದು" ಅಂತ. ಮೊದಲು ನಗು ಬಂತು. ಆಮೇಲೆ ಹೇಳೋಕೆ ಕೂತ್ರೆ ಎಲ್ಲಿಂದ ಶುರು ಮಾಡೋದು ಅಂತಾನೇ ಗೊತ್ತಾಗ್ಲಿಲ್ಲ, ಅದಕ್ಕೇ ಸ್ವಲ್ಪ ಉದ್ದ ಆಗುತ್ತೆ, ಕಾಫಿ ಇಟ್ಕೊಂಡು ಕೂತ್ಕೊಳಿ.

ನಮ್ದು ಸಕಲೇಶಪುರ ತಾಲ್ಲೂಕು ಯಸಳೂರು ಹೋಬಳಿ. ಕಾಫಿ, ಮೆಣಸು, ಒಂದಿಷ್ಟು ಏಲಕ್ಕಿ, ತಗ್ಗಲ್ಲಿ ಸ್ವಲ್ಪ ಗದ್ದೆ, ಮಿಕ್ಕಿದ್ದೆಲ್ಲಾ ಮಳೆ. ಹಳ್ಳ ದಾಟಿದ್ರೆ ಕೊಡಗು, ಬಿಸಿಲೆ ಘಾಟಿ ಇಳಿದ್ರೆ ಸುಬ್ರಹ್ಮಣ್ಯ. ಗಡಿನಾಡು ಅಂದ್ರೆ ಜನ ಬೆಳಗಾವಿ ಅಂತಾರೆ, ಕಾಸರಗೋಡು ಅಂತಾರೆ, ನಮ್ಮನ್ನ ಯಾರೂ ಲೆಕ್ಕಕ್ಕೆ ಹಿಡಿಯಲ್ಲ, ಯಾಕಂದ್ರೆ ಈಗ ನಮ್ದು ಬರೀ ಜಿಲ್ಲೆ ಗಡಿ. ಆದ್ರೆ 1956ರ ಅಕ್ಟೋಬರ್ 31ರ ರಾತ್ರಿ ತನಕ ಇದು ರಾಜ್ಯದ ಗಡೀನೇ ಆಗಿತ್ತು ಮಾರಾಯ್ರೆ, ಅದೂ ಎರಡಲ್ಲ, ಮೂರು ರಾಜ್ಯದ್ದು. ಹಾಸನ ಮೈಸೂರು ರಾಜ್ಯ, ಘಾಟಿ ಕೆಳಗಿನ ದಕ್ಷಿಣ ಕನ್ನಡ ಮದ್ರಾಸ್ ರಾಜ್ಯ, ಹಳ್ಳದ ಆಚೆ ಕೊಡಗು ತಾನೇ ಒಂದು ರಾಜ್ಯ.

ಇನ್ನೂ ಒಂದು ವಿಚಿತ್ರ ಇದೆ. ಸಂವಿಧಾನ 1950ರಲ್ಲಿ ಬಂದಾಗ ರಾಜ್ಯಗಳನ್ನ ಎ, ಬಿ, ಸಿ ಅಂತ ದರ್ಜೆ ಮಾಡಿದ್ರು, ಕಾಫಿ ಬೀಜಕ್ಕೆ ಗ್ರೇಡ್ ಹಾಕೋ ಹಂಗೆ. ಬ್ರಿಟಿಷರು ನೇರವಾಗಿ ಆಳ್ತಿದ್ದ ಪ್ರಾಂತ್ಯಗಳು ಎ, ಅಲ್ಲಿ ರಾಜ್ಯಪಾಲರು, ಮದ್ರಾಸ್ ಅದ್ರಲ್ಲಿ. ಮಹಾರಾಜರ ಸಂಸ್ಥಾನಗಳು ಬಿ, ಅಲ್ಲಿ ರಾಜಪ್ರಮುಖರು, ನಮ್ಮ ಜಯಚಾಮರಾಜ ಒಡೆಯರು ಹಂಗೆ ಇದ್ದೋರು, ನಿಮ್ಮ ಕಡೆ ನಿಜಾಮರೂ ಹಂಗೇ. ಇನ್ನು ಕೇಂದ್ರದ ಕೈಯಲ್ಲಿ ಚೀಫ್ ಕಮಿಷನರ್ ಇಟ್ಟು ನಡೆಸ್ತಿದ್ದ ಸಣ್ಣಪುಟ್ಟ ಜಾಗಗಳು ಸಿ, ಕೊಡಗು ಆ ಸಾಲಿಂದು. ಸಿ ಅಂತ ಸಸಾರ ಮಾಡ್ಬೇಡಿ, ಅಷ್ಟು ಪುಟ್ಟ ಕೊಡಗಿಗೆ 24 ಜನರ ವಿಧಾನಸಭೆ ಇತ್ತು, ಸಿ.ಎಂ. ಪೂಣಚ್ಚ ಅಂತ ಮುಖ್ಯಮಂತ್ರೀನೂ ಇದ್ರು. ಎ, ಬಿ, ಸಿ ಮೂರೂ ಬಂದು ಸೇರ್ತಿದ್ದಿದ್ದು ನಮ್ಮ ಬಿಸಿಲೆ ಕಾಡಲ್ಲಿ.

ನಮ್ಮಜ್ಜಿ ತವರು ಹಳ್ಳದ ಆಚೆ, ಎರಡು ಮೈಲಿ ಅಷ್ಟೇ. ಅಲ್ಲೂ ಮನೆ ಮಾತು ಕನ್ನಡಾನೇ, ಇದೇ ಅಕ್ಕಿರೊಟ್ಟಿ, ಇದೇ ಕಳಲೆ ಪಲ್ಯ. 1952ರಲ್ಲಿ ಮದುವೆ ಆಗಿ ಬಂದಾಗ ಅಜ್ಜಿ ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಬಂದಂಗಾಯ್ತು, ನಾಲ್ಕು ವರ್ಷ ಆದ್ಮೇಲೆ ತವರು ರಾಜ್ಯಾನೇ ಅವಳ ಹಿಂದೆ ಬಂತು, ಅಂತ ಅಜ್ಜ ತಮಾಷೆ ಮಾಡ್ತಿದ್ರು. ಅಜ್ಜಿ ಮಾತ್ರ ಕೊನೇ ತನಕ "ನಾವು ಕೊಡಗಿನೋರು, ನಿಮ್ಮ ಮೈಸೂರು ಕಡೆಯೋರಿಗೆ ಇದೆಲ್ಲಾ ತಿಳಿಯಲ್ಲ" ಅಂತಾನೇ ಅಂತಿದ್ಲು.

ಇದನ್ನ ಯಾಕೆ ಹೇಳ್ದೆ ಅಂದ್ರೆ, ನಮ್ಮ ದೇಶದಲ್ಲಿ ರಾಜ್ಯದ ಗಡಿ ಅನ್ನೋದು ಕಲ್ಲಲ್ಲಿ ಕೆತ್ತಿದ್ದಲ್ಲ. ಅಮೆರಿಕದಲ್ಲಿ ಒಂದೊಂದು ಸ್ಟೇಟಿಗೂ ತನ್ನದೇ ಸಂವಿಧಾನ ಇದೆ, ಸ್ಟೇಟ್ ಒಪ್ಪದೆ ಅದ್ರ ಗಡಿ ಮುಟ್ಟೋಕಾಗಲ್ಲ. ನಮ್ಮಲ್ಲಿ 3ನೇ ವಿಧಿ ಪ್ರಕಾರ ಪಾರ್ಲಿಮೆಂಟ್ ರಾಜ್ಯ ಒಡೀಬಹುದು, ಸೇರಿಸಬಹುದು, ಹೆಸರೇ ಬದಲಾಯಿಸಬಹುದು, ಆಯಾ ವಿಧಾನಸಭೆಯ ಅಭಿಪ್ರಾಯ ಕೇಳ್ಬೇಕು, ಒಪ್ಪಿಗೆ ಬೇಕಿಲ್ಲ. ತೆಲಂಗಾಣ ನಿಮ್ಮ ಪಕ್ಕದಲ್ಲೇ ಆಯ್ತಲ್ಲ 2014ರಲ್ಲಿ, ಆಂಧ್ರ ವಿಧಾನಸಭೆ ಬೇಡ ಅಂದ್ರೂ ಆಯ್ತು. ಅದಕ್ಕೇ ಸಂವಿಧಾನದ ಮೊದಲನೇ ವಿಧೀಲೇ ರಾಜ್ಯಗಳ ಒಕ್ಕೂಟ ಅಂತ ಬರೆದವ್ರೆ, ರಾಜ್ಯಗಳು ಸೇರಿ ಒಪ್ಪಂದ ಮಾಡ್ಕೊಂಡಿದ್ದಲ್ಲ ಇದು. ಎಲ್ಲಾ ರಾಜ್ಯವೂ ಒಂದೇ ಸಮ ಅಂತಾನೂ ಇಲ್ಲ, ಒಂದೇ ರಾಜ್ಯದ ಒಳಗೂ ಇಲ್ಲ, ನಿಮ್ಮ ಭಾಗಕ್ಕೆ ಸಂವಿಧಾನದ 371ಜೆ ವಿಧಿಯ ವಿಶೇಷ ಸವಲತ್ತು ಇದೆ, ನಮಗಿಲ್ಲ. ಹೊಟ್ಟೆಕಿಚ್ಚಿಂದ ಹೇಳ್ತಿಲ್ಲ ಬಿಡಿ.

ಜಿಲ್ಲೆ, ತಾಲ್ಲೂಕು ಮಾಡೋದು ಮಾತ್ರ ರಾಜ್ಯದ ಕೈಲೇ ಇದೆ, ದೆಹಲಿ ಕೇಳೋ ಹಂಗಿಲ್ಲ. ಸುಬ್ರಹ್ಮಣ್ಯ ನಾನು ಸ್ಕೂಲಲ್ಲಿದ್ದಾಗ ಸುಳ್ಯ ತಾಲ್ಲೂಕು, ಈಗ ಕಡಬ ತಾಲ್ಲೂಕು, ದೇವರು ಕೂತಲ್ಲೇ ಕೂತವ್ನೆ. ಪಕ್ಕದ ಚಿಕ್ಕಮಗಳೂರು ಜಿಲ್ಲೆಗೆ ಮೊದಲು ಕಡೂರು ಜಿಲ್ಲೆ ಅಂತಾನೇ ಹೆಸರು. ನಮ್ಮ ತಾಲ್ಲೂಕಿನ ಹಳೇ ಹೆಸರು ಮಂಜರಾಬಾದ್.

ಈಗ ನಿಮ್ಮ ಅಸಲು ಪ್ರಶ್ನೆ. ಹೊರಗಿನೋರು ಇಲ್ಲಿ ಬಂದು ತೋಟ ತಗೊಂಡ್ರೆ ಮೊದಲ ವರ್ಷ ತಪ್ಪು ಕಚೇರಿ ಬಾಗಿಲಲ್ಲೇ ಕಳೀತಾರೆ, ಯಾಕಂದ್ರೆ ಊರಲ್ಲಿ ಒಂದು ಏಣಿ ಇದೆ ಅಂದ್ಕೊಂಡಿರ್ತಾರೆ, ಇರೋದು ಎರಡು. ಒಂದು ಕಂದಾಯದ ಏಣಿ. ಹಾಸನದಲ್ಲಿ ಡಿಸಿ, ಸಕಲೇಶಪುರದಲ್ಲಿ ಎಸಿ, ಅವರ ಕೆಳಗೆ ತಹಸೀಲ್ದಾರ್, ನಮ್ಮಜ್ಜನ ಬಾಯಲ್ಲಿ ಅಮಲ್ದಾರ್ರು, ಹೋಬಳೀಲಿ ನಾಡಕಚೇರಿ, ಆರ್‌ಐ ಅಂದ್ರೆ ಕಂದಾಯ ನಿರೀಕ್ಷಕರು, ಊರಿಗೆ ವಿಎ ಅಂದ್ರೆ ಗ್ರಾಮ ಆಡಳಿತಾಧಿಕಾರಿ, ಮೊದಲಾದ್ರೆ ಶಾನುಭೋಗರು. ಪಹಣಿ, ಪೋಡಿ, ಮ್ಯುಟೇಷನ್, ಜಾತಿ ಸರ್ಟಿಫಿಕೇಟು, ಆದಾಯ ಸರ್ಟಿಫಿಕೇಟು ಎಲ್ಲಾ ಇಲ್ಲಿ. ಇದ್ರಲ್ಲಿ ಒಬ್ರೂ ಓಟಲ್ಲಿ ಗೆದ್ದು ಬಂದೋರಲ್ಲ, ಮೇಲಿಂದ ಕೆಳಗೆ ಇಳಿಸಿದ ಏಣಿ. ಹೋಬಳಿ ಅನ್ನೋದಕ್ಕಂತೂ ಒಂದು ಎಲೆಕ್ಷನ್ನೂ ಇಲ್ಲ, ಆದ್ರೆ ನಮ್ಮ ಬದುಕೆಲ್ಲಾ ಹೋಬಳೀಲೇ ಮುಗಿಯುತ್ತೆ, ಬ್ಯಾಂಕು, ಗೊಬ್ಬರದಂಗಡಿ, ಬಸ್ ಸ್ಟಾಪು.

ಎರಡನೇದು ಪಂಚಾಯ್ತಿ ಏಣಿ, ಗ್ರಾಮ, ತಾಲ್ಲೂಕು, ಜಿಲ್ಲೆ ಅಂತ ಮೂರು ಮೆಟ್ಟಿಲು, ಇದಕ್ಕೆ ಓಟು. ಮನೆ ಕಂದಾಯ, ನಲ್ಲಿ ನೀರು, ಬೀದಿ ದೀಪ, ಮನೆ ಖಾತೆ ಇಲ್ಲಿ. 1993ರಲ್ಲಿ 73ನೇ ತಿದ್ದುಪಡಿ ಜಾರಿಗೆ ಬಂದು ಹೆಚ್ಚುಕಡಿಮೆ ಇಡೀ ದೇಶಕ್ಕೆ ಇದು ಕಡ್ಡಾಯ ಆಯ್ತು, ಆದ್ರೆ ನಮ್ಮ ರಾಜ್ಯದಲ್ಲಿ ಅದಕ್ಕೂ ಮುಂಚೆ, ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಪಂಚಾಯ್ತಿ ಮಂತ್ರಿ ಆಗಿದ್ದ ನಜೀರ್ ಸಾಬ್ರು ತಂದ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯ್ತಿ ಇತ್ತು, 1987ರಲ್ಲಿ ಅದಕ್ಕೆ ಎಲೆಕ್ಷನ್ ಆಗಿತ್ತು. ನಮ್ಮೂರ ವಯಸ್ಸಾದೋರು ಇವತ್ತಿಗೂ "ಮಂಡಲಕ್ಕೆ ಹೋಗಿ ಬರ್ತೀನಿ" ಅಂತಾರೆ. ನಿಮ್ಮ ಬಯಲಲ್ಲಿ ಒಂದು ಪಂಚಾಯ್ತಿಗೆ ಐದು ಏಳು ಸಾವಿರ ಜನ ಇರ್ತಾರೆ, ಇಲ್ಲಿ ಅಷ್ಟು ಜನ ಸೇರಿಸ್ಬೇಕು ಅಂದ್ರೆ ಮೂರು ಗುಡ್ಡ ಹತ್ತಿ ಇಳೀಬೇಕು, ಅದಕ್ಕೇ ಮಲೆನಾಡಿಗೆ ಕಡಿಮೆ ಜನ ಇದ್ರೂ ಸಾಕು ಅಂತ ಕಾಯ್ದೇಲೇ ಸಡಿಲ ಮಾಡವ್ರೆ. ಸಂವಿಧಾನದ 11ನೇ ಪರಿಶಿಷ್ಟದಲ್ಲಿ ಪಂಚಾಯ್ತಿಗೆ ಕೊಡಬಹುದಾದ 29 ವಿಷಯ ಇವೆ. ಕೊಡಬಹುದು ಅಷ್ಟೇ, ಎಷ್ಟು ಕೊಡೋದು ಅನ್ನೋದು ರಾಜ್ಯದ ಮರ್ಜಿ. ದೆಹಲಿ ನಮ್ಮ ಅಧಿಕಾರ ಕಿತ್ಕೊಳ್ತು ಅಂತ ಬೆಂಗಳೂರಿನೋರು ಭಾಷಣ ಮಾಡ್ತಾರಲ್ಲ, ಅದೇ ಬೆಂಗಳೂರು ನಮ್ಮ ಪಂಚಾಯ್ತಿಗೆ ಏನು ಬಿಟ್ಟಿದೆ ಅಂತ ಯಾರೂ ಕೇಳಲ್ಲ. ತಾಲ್ಲೂಕು ಪಂಚಾಯ್ತಿ, ಜಿಲ್ಲಾ ಪಂಚಾಯ್ತಿ ಅವಧಿ 2021ರಲ್ಲೇ ಮುಗೀತು, ಅದಾದ್ಮೇಲೆ ವರ್ಷಗಟ್ಟಲೆ ಎಲೆಕ್ಷನ್ನೇ ಇಲ್ಲ, ಏಣಿಗೆ ಕೆಳಗಿನ ಮೆಟ್ಟಿಲು ಮಾತ್ರ ಉಳೀತು.

ಇಷ್ಟಾದ್ರೂ ಪರವಾಗಿಲ್ಲ, ಗೆರೆಗಳಾದ್ರೂ ಒಂದರ ಮೇಲೊಂದು ಸರಿಯಾಗಿ ಕೂತಿದ್ರೆ ಆಗ್ತಿತ್ತು, ಕೂರಲ್ಲ. ಕಡೂರಿನೋರು ಚಿಕ್ಕಮಗಳೂರು ಜಿಲ್ಲೆ, ಎಂಪಿ ಓಟು ಹಾಸನಕ್ಕೆ. ಮೂಡಿಗೆರೆಯೋರ ಎಂಪಿ ಓಟು ಉಡುಪಿ ಜೊತೆ. ಕರೆಂಟು ನಮಗೆ ಮೈಸೂರಿನ ಚೆಸ್ಕಾಂ, ಮೂಡಿಗೆರೆಗೆ ಮಂಗಳೂರಿನ ಮೆಸ್ಕಾಂ. ಪೊಲೀಸ್ ಐಜಿ ನಮಗೆ ಮೈಸೂರಲ್ಲಿ, ಅವರಿಗೆ ಮಂಗಳೂರಲ್ಲಿ. ಹಾಲು ಮಾತ್ರ ಹಾಸನ, ಚಿಕ್ಕಮಗಳೂರು, ಕೊಡಗು ಮೂರಕ್ಕೂ ಒಂದೇ ಒಕ್ಕೂಟ, ಹಸುಗಳಾದ್ರೂ ಒಗ್ಗಟ್ಟಾಗಿವೆ.

ತೋಟಕ್ಕೆ ಬಂದ್ರೆ ಇನ್ನೂ ಮಜಾ. ಭೂಮಿ ರಾಜ್ಯದ್ದು, ಕಾಫಿ ಬೋರ್ಡು ಕೇಂದ್ರದ್ದು, ಅದಕ್ಕೆ 1942ರ ಕಾಯ್ದೆ, ವಾಣಿಜ್ಯ ಮಂತ್ರಾಲಯದ ಕೆಳಗೆ. ಕೃಷಿ ಆದಾಯಕ್ಕೆ ತೆರಿಗೆ ಹಾಕೋ ಅಧಿಕಾರ ರಾಜ್ಯಪಟ್ಟೀಲಿದೆ, ಅಂದ್ರೆ ಸಂವಿಧಾನ ರಾಜ್ಯಕ್ಕೆ ಬಿಟ್ಟ ವಿಷಯಗಳ ಪಟ್ಟೀಲಿ, ಉಳಿದ ಆದಾಯದ್ದು ಕೇಂದ್ರಕ್ಕೆ. ಹಂಗಾಗಿ ನಾನು ಹಣ್ಣು ಕುಯ್ಸಿ ಕಣದಲ್ಲಿ ಒಣಗಿಸಿ ಚೆರಿ ಹಂಗೇ ಮಾರಿದ್ರೆ ಅದು ಪೂರ್ತಿ ಕೃಷಿ, ಅದೇ ನಾನೇ ಕ್ಯೂರಿಂಗ್ ಮಾಡ್ಸಿ, ಅಂದ್ರೆ ಸಿಪ್ಪೆ ಬಿಡಿಸಿ ಬೀಜ ಹಸನು ಮಾಡ್ಸಿ ಮಾರಿದ್ರೆ ಶೇ 25 ವ್ಯಾಪಾರದ ಆದಾಯ, ಹುರಿದು ಪುಡಿ ಮಾಡಿ ಮಾರಿದ್ರೆ ಶೇ 40. ಅದೇ ಗಿಡ ಅದೇ ಬೀಜ, ಸಿಪ್ಪೆ ಬಿಡಿಸಿದ ಕೂಡ್ಲೇ ಕಾಲು ಭಾಗ ದೆಹಲಿ ಲೆಕ್ಕಕ್ಕೆ ಹೋಗಿ ಕೂರುತ್ತೆ. ಆನೆ ಬಂದು ಅದೇ ಗಿಡ ತುಳಿದ್ರೆ? ಕಾಡು, ಕಾಡುಪ್ರಾಣಿ ಮೊದಲು ರಾಜ್ಯಪಟ್ಟೀಲಿದ್ವು, 1976ರ 42ನೇ ತಿದ್ದುಪಡೀಲಿ ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಗೆ ಹೋದ್ವು, ಕಾನೂನು ಪಾರ್ಲಿಮೆಂಟಿಂದು, ಗಾರ್ಡು, ರೇಂಜರ್ರು, ಪರಿಹಾರದ ಅರ್ಜಿ ಎಲ್ಲಾ ರಾಜ್ಯದ ಇಲಾಖೇದು. ಬೆಳಗ್ಗೆ ತೋಟಕ್ಕೆ ಹೋಗೋ ಮುಂಚೆ ಆನೆ ಎಲ್ಲಿದೆ ಅಂತ ಮೊಬೈಲ್ ನೋಡೋದು ಮಾತ್ರ ನಮ್ಮ ಕೆಲಸ.

ನೀರಿನ ಕತೆ ಹೇಳ್ದೇ ಇದ್ರೆ ಈ ಊರಿನ ವಿಷಯ ಹೇಳಿದಂಗೇ ಅಲ್ಲ. ಬಿಸಿಲೆಗೆ ಹೋಗೋ ದಾರೀಲಿ ಮಂಕನಹಳ್ಳಿ ಹತ್ರ ಬ್ರಿಟಿಷರ ಕಾಲದ ಕಲ್ಲೊಂದಿದೆ, ರಿಡ್ಜ್ ಅಂತ ಬರೆದಿದೆ, ಒಂದು ಕಡೆ ಬಂಗಾಳ ಕೊಲ್ಲಿ, ಇನ್ನೊಂದು ಕಡೆ ಅರಬ್ಬಿ ಸಮುದ್ರ. ಟೂರಿಸ್ಟುಗಳು ಫೋಟೋ ಹೊಡ್ಕೊಂಡು ಹೋಗ್ತಾರೆ, ಆದ್ರೆ ಅದರ ಅರ್ಥ ಏನು ನೋಡಿ. ಆ ಗೆರೆಯ ಪೂರ್ವಕ್ಕೆ ಬಿದ್ದ ಹನಿ ಹೇಮಾವತಿ ಸೇರಿ, ಗೊರೂರು ಡ್ಯಾಮ್ ದಾಟಿ ಕಾವೇರಿಗೆ ಹೋಗುತ್ತೆ, ಅಂದ್ರೆ ಅದು ಅಂತರರಾಜ್ಯ ನದಿ ನೀರು, ಅದಕ್ಕೆ 1924ರ ಮೈಸೂರು ಮದ್ರಾಸ್ ಒಪ್ಪಂದ, 1990ರ ಟ್ರಿಬ್ಯೂನಲ್, 2007ರ ತೀರ್ಪು, 2018ರ ಸುಪ್ರೀಂ ಕೋರ್ಟ್ ತೀರ್ಪು, ಸಾಮಾನ್ಯ ವರ್ಷದಲ್ಲಿ ಗಡೀಲಿರೋ ಬಿಳಿಗುಂಡ್ಲು ಹತ್ರ ತಮಿಳುನಾಡಿಗೆ 177.25 ಟಿಎಂಸಿ ಬಿಡ್ಬೇಕು ಅನ್ನೋ ಲೆಕ್ಕ, ಎಲ್ಲಾ ಅಂಟಿಕೊಂಡಿದೆ. ನಾಲ್ಕು ಮಾರು ಪಶ್ಚಿಮಕ್ಕೆ ಬಿದ್ದ ಹನಿ ಘಾಟಿ ಇಳಿದು ಸಮುದ್ರಕ್ಕೆ ಹೋಗೋ ತನಕ ನಮ್ಮ ರಾಜ್ಯದ ಒಳಗೇ ಇರುತ್ತೆ, ಅದಕ್ಕೆ ಟ್ರಿಬ್ಯೂನಲ್ಲೂ ಇಲ್ಲ ಪಕ್ಕದ ರಾಜ್ಯದ ಪಾಲೂ ಇಲ್ಲ. ನೀರು ರಾಜ್ಯಪಟ್ಟೀಲಿದೆ, ಆದ್ರೆ ನದಿ ರಾಜ್ಯದ ಗಡಿ ದಾಟಿದ್ರೆ ಕೇಂದ್ರದ ಕೈ ಬರುತ್ತೆ, ಅದೇ ನಿಯಮ. ಎತ್ತಿನಹೊಳೆ ಯೋಜನೆ ಯಾಕೆ ನಮ್ಮ ತಾಲ್ಲೂಕಲ್ಲೇ ಬಂತು ಅಂತ ಕೇಳಿದ್ರೆ ಅರ್ಧ ಉತ್ತರ ಇಲ್ಲೇ ಇದೆ. ಎತ್ತಿನಹೊಳೆ, ಕಾಡುಮನೆ ಹೊಳೆ, ಕೇರಿಹೊಳೆ, ಹೊಂಗಡಹಳ್ಳ ಎಲ್ಲಾ ಪಶ್ಚಿಮಕ್ಕೆ ಹರಿಯೋವು, ಅದ್ರಿಂದ 24.01 ಟಿಎಂಸಿ ಎತ್ತಿ ಕೋಲಾರ, ಚಿಕ್ಕಬಳ್ಳಾಪುರದ ಕಡೆಗೆ ಅಂತ ಹೊರಟ್ರೆ ತಮಿಳುನಾಡಿನ ಹತ್ರ ಜಗಳಕ್ಕೆ ನಿಲ್ಲೋ ಹಂಗಿಲ್ಲ. ಕೋಲಾರದೋರು ಕುಡಿಯೋ ನೀರು ಕೇಳೋದು ತಪ್ಪು ಅಂತ ನಾನು ಹೇಳಲ್ಲ. ಆದ್ರೆ ಆ ಪೈಪು ಹೂತ ಮಣ್ಣಿನ ಪಕ್ಕ ಕೂತ ನಮ್ಮ ಪಂಚಾಯ್ತಿಯೋರಿಗೆ ಅದ್ರಲ್ಲಿ ಎಷ್ಟು ಮಾತಿತ್ತು ಅಂದ್ರೆ, ಅದನ್ನ ನೀವೇ ಊಹಿಸ್ಕೊಳಿ.

ಕೊನೇದಾಗಿ ಸಂಕದ ವಿಷಯ, ಸಂಕ ಅಂದ್ರೆ ಹಳ್ಳ ದಾಟೋ ಕಾಲುಸೇತುವೆ, ನೀವು ಫೋಟೋ ನೋಡಿ ಇದೇನು ಹಿಂಗಿದೆ ಅಂದಿದ್ರಲ್ಲ. ಅಜ್ಜಿ ತವರಿಗೆ ಹೋಗೋ ಹಳ್ಳಕ್ಕೆ ಮೊದಲು ಒಂದು ಗಟ್ಟಿ ಕಾಲುಸಂಕ ಇತ್ತು, ಒಂದು ಮಳೆಗಾಲ ಕೊಚ್ಕೊಂಡು ಹೋಯ್ತು. ಈ ದಂಡೆಯ ಕಚೇರಿಗೆ ಅರ್ಜಿ ಕೊಟ್ರೆ ಆ ದಂಡೆ ನಮ್ದಲ್ಲ ಅಂದ್ರು, ಆ ದಂಡೆಯ ಕಚೇರೀಲಿ ಈ ದಂಡೆ ನಮ್ದಲ್ಲ ಅಂದ್ರು, ಎರಡೂ ನಿಜಾನೇ, ಯಾರ ಮೇಲೂ ಸಿಟ್ಟು ಮಾಡ್ಕೊಳ್ಳೋ ಹಂಗಿಲ್ಲ. ಜಿಲ್ಲೆ ಗಡಿ ಮೇಲಿನ ಕೆಲಸಕ್ಕೆ ಎರಡೂ ಕಡೆ ದುಡ್ಡು ಒಂದೇ ವರ್ಷ ಬರ್ಬೇಕು, ಎರಡೂ ಕಡೆ ಎಸ್ಟಿಮೇಟ್ ಆಗ್ಬೇಕು, ಈ ಕಡೆ ಆದ್ರೆ ಆ ಕಡೆ ಆಗಲ್ಲ. ಮೂರನೇ ವರ್ಷ ಎರಡೂ ಊರಿನೋರು ಸೇರಿ ಎರಡು ಬಗನಿ ಮರ ಕಡಿದು ಅಡ್ಡ ಹಾಕಿದ್ವಿ, ಕೈ ಹಿಡಿಯೋಕೆ ಜಿಐ ತಂತಿ ಎಳೆದ್ವಿ, ಅದೇ ನೀವು ನೋಡಿದ್ದು. ಒಂದು ಮರ ಹಾಸನ ಜಿಲ್ಲೇದು ಒಂದು ಕೊಡಗಿಂದು, ಬೇಕು ಅಂತಾನೇ ಹಂಗೆ ತಂದ್ವಿ.

ಬರೋದಾದ್ರೆ ಜುಲೈಲಿ ಮಾತ್ರ ಬರ್ಬೇಡಿ. ಮಂಗಳೂರು ಕಡೆಯಿಂದ ಬರೋರಿಗೆ ಶಿರಾಡಿ ಹೆದ್ದಾರಿ ಕೇಂದ್ರದ್ದು, ಗುಡ್ಡ ಜರಿದ್ರೆ ಮುಚ್ಚೋ ಆರ್ಡರ್ ಹಾಸನ ಡಿಸಿದು, ಕೆಳಗೆ ಗುಂಡ್ಯದಲ್ಲಿ ವಾಹನ ತಡೆದು ವಾಪಸ್ ಕಳ್ಸೋದು ದಕ್ಷಿಣ ಕನ್ನಡದ ಪೊಲೀಸ್ರು. ನೀವು ಹೆಂಗೂ ಬೆಂಗಳೂರಿಂದ ಬರೋರು, ಹಾಸನದ ಬಸ್ ಹತ್ತಿ ಸಕಲೇಶಪುರದಲ್ಲಿ ಇಳಿದು ಫೋನ್ ಮಾಡಿ, ಜೀಪ್ ಕಳಿಸ್ತೀನಿ. ಸಿಗ್ನಲ್ ಸಿಗ್ಲಿಲ್ಲ ಅಂದ್ರೆ ಯಸಳೂರು ಬಸ್ ಯಾವ್ದು ಅಂತ ಸ್ಟ್ಯಾಂಡಲ್ಲಿ ಕೇಳಿ ಹತ್ಕೊಳಿ.